ಬಿಎಸ್ಸಿ ಓದುತ್ತಲೇ ಸಾರ್ವಜನಿಕ ಆರೋಗ್ಯ ಸಂಶೋಧನೆಯ ಗುರಿ ನಿಚ್ಚಳ ಮಾಡಿಕೊಳ್ಳುವುದು ಹೇಗೆ

‘ಸಾರ್ವಜನಿಕ ಆರೋಗ್ಯದಲ್ಲಿ ಸಂಶೋಧನೆ ಮಾಡಬೇಕು’ ಎಂದು ಬಿಎಸ್ಸಿ ಎರಡನೇ ವರ್ಷದಲ್ಲಿ ಅನ್ನಿಸಿದರೆ ಅದು ಒಳ್ಳೆಯ ಆಸೆ, ಆದರೆ ಇನ್ನೂ ಗುರಿಯಲ್ಲ. ಆ ಒಂದು ಹೆಸರಿನ ಕೆಳಗೆ ಒಂದಕ್ಕೊಂದು ಹೋಲದ ಹತ್ತಾರು ಕೆಲಸಗಳಿವೆ. ಹೆಚ್ಚಿನವರು ಮೊದಲು ಕೋರ್ಸ್ ಹುಡುಕುತ್ತಾರೆ, ಸೇರುತ್ತಾರೆ, ಎರಡು ವರ್ಷ ಕಳೆದ ಮೇಲೆ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವುದು ಅಥವಾ ದಿನವಿಡೀ ಹಳ್ಳಿ ಸುತ್ತುವುದು ತಮಗೆ ಒಗ್ಗದು ಎಂದು ಅರಿಯುತ್ತಾರೆ. ಕ್ರಮ ತಿರುವುಮುರುವಾಗಿರುವುದೇ ಇದಕ್ಕೆ ಕಾರಣ. ಮೊದಲು ಪ್ರಶ್ನೆ, ಆಮೇಲೆ ಕೆಲಸದ ಬಗೆ, ಕೊನೆಗೆ ಪದವಿ. ಒಂದು ಸೆಮಿಸ್ಟರ್, ಅಂದರೆ ಸುಮಾರು 16 ವಾರ, ವಾರಕ್ಕೆ ಐದು ಗಂಟೆ ಮೀಸಲಿಟ್ಟರೆ ಇಷ್ಟನ್ನೂ ಕಾಲೇಜು ಬಿಡದೆ, ಹೆಚ್ಚು ಖರ್ಚಿಲ್ಲದೆ ಮಾಡಬಹುದು.

ಒಂದೇ ಕಾಯಿಲೆ, ಐದು ಬಗೆಯ ಬದುಕು

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಅಕ್ಕಪಕ್ಕದ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿದರು. ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಇಂದಿಗೂ ಚಳಿಗಾಲದಿಂದ ಬೇಸಿಗೆಯವರೆಗೆ, ಉಣುಗಿನ ಮರಿಗಳು ಕಾಡಿನ ನೆಲದಲ್ಲಿ ಹೆಚ್ಚಿರುವ ತಿಂಗಳುಗಳಲ್ಲಿ, ತರಗೆಲೆಗೆ, ಸೌದೆಗೆ ಹೋದವರಿಗೆ ಈ ಕಾಯಿಲೆ ತಗಲುತ್ತದೆ.

ಈ ಒಂದು ಕಾಯಿಲೆಯ ಸುತ್ತ ಯಾರು ಯಾರು ಏನು ಮಾಡುತ್ತಾರೆ ನೋಡಿ. ಕೀಟತಜ್ಞರು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆಯುತ್ತಾರೆ, ಅಂಟಿಕೊಂಡ ಉಣುಗುಗಳನ್ನು ಚಿಮುಟದಿಂದ ಹೆಕ್ಕಿ, ಜಾತಿ ಮತ್ತು ಹಂತದಂತೆ ಬೇರ್ಪಡಿಸಿ, ಸೂಕ್ಷ್ಮದರ್ಶಕದಡಿ ಗಂಟೆಗಟ್ಟಲೆ ಕೂರುತ್ತಾರೆ. ಪ್ರಯೋಗಾಲಯದವರು ರಕ್ತದ ಮಾದರಿಗಳಿಗೆ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಈ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೇ ಅಂಟಿದ ಉದಾಹರಣೆಗಳಿರುವುದರಿಂದ ಅಲ್ಲಿ ಜೈವಿಕ ಸುರಕ್ಷತೆಯ ಶಿಸ್ತು ಬಹಳ ಬಿಗಿ. ಎಪಿಡೆಮಿಯಾಲಜಿಯವರು, ಅಂದರೆ ಕಾಯಿಲೆ ಜನರಲ್ಲಿ ಹರಡುವ ಬಗೆಯನ್ನು ಅಧ್ಯಯನ ಮಾಡುವವರು, ಯಾವ ಊರು, ಯಾವ ವಾರ, ಕಾಡಿಗೆ ಹೋದವರೆಷ್ಟು, ಹೋಗದವರೆಷ್ಟು ಎಂಬ ಪಟ್ಟಿ ಹಿಡಿದು ಕಾರಣ ಹುಡುಕುತ್ತಾರೆ. ಸಮಾಜ ವಿಜ್ಞಾನದ ಕಡೆಯವರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಕೊಟ್ಟರೂ ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂದು ಮನೆಯ ಜಗಲಿಯ ಮೇಲೆ ಕೂತು ಕೇಳುತ್ತಾರೆ. ಆರೋಗ್ಯ ವ್ಯವಸ್ಥೆಯನ್ನು ಅಧ್ಯಯನ ಮಾಡುವವರು, ಜ್ವರ ಬಂದವರು ಆಸ್ಪತ್ರೆ ಮುಟ್ಟಲು ಎಷ್ಟು ದಿನ ಹಿಡಿಯಿತು, ಎಷ್ಟು ಹಣ ಖರ್ಚಾಯಿತು ಎಂದು ಲೆಕ್ಕ ಹಾಕುತ್ತಾರೆ.

ಐವರೂ ಸಂಶೋಧಕರೇ. ಆದರೆ ಪ್ರಾಣಿಶಾಸ್ತ್ರ ಇಷ್ಟಪಟ್ಟು ಓದಿದವರಿಗೆ ಮೊದಲನೆಯದು ಹಬ್ಬ, ಮೂರನೆಯದು ಶಿಕ್ಷೆ ಆಗಬಹುದು. ಗಣಿತ ಓದಿದವರಿಗೆ ತದ್ವಿರುದ್ಧ. ಯಾವ ಕಾಯಿಲೆ ಎನ್ನುವುದಕ್ಕಿಂತ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೈಯಲ್ಲಿ ಏನು ಹಿಡಿದಿರುತ್ತೀರಿ ಎನ್ನುವುದೇ ಮುಂದಿನ ಮೂವತ್ತು ವರ್ಷವನ್ನು ತೀರ್ಮಾನಿಸುತ್ತದೆ.

ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಮೊದಲ ವಾರದ ಕೆಲಸ ಇಷ್ಟೇ. ಒಂದು ವಾಕ್ಯ ಬರೆಯಿರಿ, ಅದರಲ್ಲಿ ನಾಲ್ಕು ಅಂಶ ಇರಲಿ: ಯಾವ ಸಮಸ್ಯೆ, ಯಾರಲ್ಲಿ, ಎಲ್ಲಿ, ಯಾವ ಸಾಧನದಿಂದ. ‘ಬಡವರ ಆರೋಗ್ಯ ಸುಧಾರಿಸುವ ಸಂಶೋಧನೆ’ ಎಂದರೆ ನಾಲ್ಕರಲ್ಲಿ ಒಂದೂ ಸ್ಪಷ್ಟವಿಲ್ಲ. ‘ಪಾವಗಡ ತಾಲೂಕಿನ ಶಾಲಾ ಮಕ್ಕಳಲ್ಲಿ ದಂತ ಫ್ಲೋರೋಸಿಸ್‌ಗೂ (ಫ್ಲೋರೈಡ್ ಹೆಚ್ಚಾಗಿ ಹಲ್ಲಿನಲ್ಲಿ ಕಲೆ ಮೂಡುವುದು) ಅವರು ಕುಡಿಯುವ ನೀರಿನ ಫ್ಲೋರೈಡ್ ಪ್ರಮಾಣಕ್ಕೂ ಇರುವ ಸಂಬಂಧವನ್ನು ನೀರಿನ ಪರೀಕ್ಷೆ ಮತ್ತು ಹಲ್ಲಿನ ತಪಾಸಣೆಯಿಂದ ನೋಡುವುದು’ ಎಂದರೆ ನಾಲ್ಕೂ ಇವೆ. ರಸಾಯನಶಾಸ್ತ್ರ ಓದುವವರಿಗೆ ಈ ವಾಕ್ಯ ಕೂಡಲೇ ಕೆಲಸವಾಗಿ ಕಾಣುತ್ತದೆ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದಲ್ಲಿ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅಳೆಯಲು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಎಂಬ ಉಪಕರಣ ಬೇಕು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತರಬಾರದು, ಪಾಲಿಥಿಲೀನ್ ಬಾಟಲಿಯಲ್ಲೇ ತರಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ.

ಇದು ನಿಮ್ಮ ಜೀವನದ ಪ್ರತಿಜ್ಞೆಯಲ್ಲ. ಕೆಳಗೆ ದಿನಾಂಕ ಹಾಕಿ. ಮುಂದೆ ಹೇಳುವ ಮೂರು ಪರೀಕ್ಷೆಗಳಲ್ಲಿ ಈ ವಾಕ್ಯ ಬದಲಾಗಲೇಬೇಕು. ಒಂದಕ್ಷರವೂ ಬದಲಾಗದಿದ್ದರೆ ನೀವು ಓದಿದ್ದು, ನೋಡಿದ್ದು ಸಾಲದು ಎಂದರ್ಥ.

ಮೊದಲ ಪರೀಕ್ಷೆ: ಹತ್ತು ಲೇಖನ

ನಾಲ್ಕು ವಾರದಲ್ಲಿ ನಿಮ್ಮ ವಾಕ್ಯಕ್ಕೆ ಹತ್ತಿರದ ಹತ್ತು ಸಂಶೋಧನಾ ಲೇಖನ ಓದಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಹುಡುಕಿ, ಪೂರ್ಣಪಾಠ ಉಚಿತವಾಗಿರುವುದನ್ನೇ ಆರಿಸಿ. ಸಾರಾಂಶ ಮಾತ್ರ ಓದಿ ಮುಗಿಸಿದರೆ ಪ್ರಯೋಜನವಿಲ್ಲ. ನೇರ ‘ಮೆಥಡ್ಸ್’ ಭಾಗಕ್ಕೆ ಹೋಗಿ. ಸಂಶೋಧಕರು ದಿನವಿಡೀ ಏನು ಮಾಡಿದರು ಎನ್ನುವುದು ಅಲ್ಲಿ ಮಾತ್ರ ಸಿಗುತ್ತದೆ. ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿ: ಪ್ರಶ್ನೆ ಏನು, ಯಾರನ್ನು ಹೇಗೆ ಆರಿಸಿದರು, ಏನನ್ನು ಯಾವುದರಿಂದ ಅಳೆದರು, ಉತ್ತರ ಎಷ್ಟು, ಈ ಕೆಲಸದ ಯಾವ ಭಾಗವನ್ನು ಮಾಡಲು ನನಗೆ ಇಷ್ಟ. ಐದನೆಯ ಕಾಲಮ್ಮೇ ಮುಖ್ಯ. ಅದನ್ನೇ ಎಲ್ಲರೂ ಖಾಲಿ ಬಿಡುತ್ತಾರೆ.

ಒಂದು ಮಾದರಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾಗುವುದನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದೆಯೇ ಎನ್ನುವುದು ಪ್ರಶ್ನೆ. 1620 ಮಹಿಳೆಯರಲ್ಲಿ ಕೆಲವರಿಗೆ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಕೊಟ್ಟವರು ಡಾಕ್ಟರಲ್ಲ, ಹಳ್ಳಿಯ ಎಎನ್‌ಎಂಗಳು (ಸಹಾಯಕ ದಾದಿ-ಸೂಲಗಿತ್ತಿಯರು). ಔಷಧವಿಲ್ಲದ ಗುಂಪಿನಲ್ಲಿ 12.0% ಮಂದಿಗೆ ವಿಪರೀತ ರಕ್ತಸ್ರಾವ, ಮಾತ್ರೆ ಪಡೆದವರಲ್ಲಿ 6.4%. ವ್ಯತ್ಯಾಸ 5.6. ನೂರನ್ನು 5.6ರಿಂದ ಭಾಗಿಸಿ: ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಈ ಲೆಕ್ಕ ನೀವೇ ಮಾಡಿ, ಲೇಖನದಲ್ಲಿರುವುದರೊಂದಿಗೆ ತಾಳೆ ನೋಡಿ. ಅದಕ್ಕಿಂತ ಸ್ವಾರಸ್ಯದ ಸಂಗತಿ ಅಳತೆಯದು. ಕಣ್ಣಂದಾಜಿನಲ್ಲಿ ರಕ್ತ ಎಷ್ಟು ಹೋಯಿತೆಂದು ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಆದ್ದರಿಂದ ಇಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿ ರಕ್ತ ಹಿಡಿದು ಅಳೆದರು. ಅಂಥ ಚೀಲದ ಬಗ್ಗೆ ಓದಿ ಕುತೂಹಲ ಕೆರಳಿದರೆ ನಿಮ್ಮ ಒಲವು ಕ್ಷೇತ್ರ ಪ್ರಯೋಗದ ಕಡೆಗಿದೆ. 12.0, 6.4 ಎಂಬ ಅಂಕಿಗಳ ಸುತ್ತಲೇ ಮನಸ್ಸು ಸುತ್ತಿದರೆ ಬಯೋಸ್ಟಾಟಿಸ್ಟಿಕ್ಸ್, ಅಂದರೆ ಆರೋಗ್ಯದ ಸಂಖ್ಯಾಶಾಸ್ತ್ರದ ಕಡೆಗೆ.

ಇನ್ನೊಂದನ್ನು, ಹಳೆಯದಾದರೂ, ಓದಲೇಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ, 1963ರಲ್ಲಿ ಪ್ರಕಟವಾದದ್ದು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಅದಕ್ಕೇ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಇವರು ಮನೆಮನೆಗೆ ಹೋಗಿ ಕೇಳಿದಾಗ ಗೊತ್ತಾದದ್ದು ಬೇರೆಯೇ: ಕ್ಷಯ ಇದ್ದವರಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ, ಕೆಮ್ಮಿನ ಔಷಧ ಹಿಡಿದು ವಾಪಸಾಗಿದ್ದರು. ತಪ್ಪು ಜನರದಲ್ಲ, ಕಫ ಪರೀಕ್ಷೆ ಮಾಡದ ಆಸ್ಪತ್ರೆಯದು. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಎಂಬ ದಾರಿ ಹಿಡಿದದ್ದರ ಹಿಂದೆ ಇಂಥ ಕೆಲಸವಿದೆ. ಪಿಸಿಆರ್ ಯಂತ್ರವಿಲ್ಲದಿದ್ದರೆ ಅದು ವಿಜ್ಞಾನವೇ ಅಲ್ಲ ಎಂದುಕೊಂಡಿರುವ ಬಿಎಸ್ಸಿ ವಿದ್ಯಾರ್ಥಿ ಮೊದಲು ಇದನ್ನು ಓದಬೇಕು.

ಎರಡನೇ ಪರೀಕ್ಷೆ: ಅಂಕಿಗಳ ಜೊತೆ ಮೂರು ವಾರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5, 2019–21) ಜಿಲ್ಲಾವಾರು ಫ್ಯಾಕ್ಟ್‌ಶೀಟ್‌ಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ನಿಮ್ಮ ಜಿಲ್ಲೆಯದನ್ನೂ ನೆರೆಯ ಎರಡು ಜಿಲ್ಲೆಗಳದನ್ನೂ ಇಳಿಸಿಕೊಂಡು, ಹತ್ತು ಸೂಚಕಗಳನ್ನು ಎಕ್ಸೆಲ್‌ನಲ್ಲಿ ತುಂಬಿ, ಹಿಂದಿನ ಸಮೀಕ್ಷೆಯೊಂದಿಗೆ ಹೋಲಿಸಿ. ಕರ್ನಾಟಕದಲ್ಲಿ 15–49 ವಯಸ್ಸಿನ ಮಹಿಳೆಯರ ರಕ್ತಹೀನತೆ ಹಿಂದಿನ ಸಮೀಕ್ಷೆಯಲ್ಲಿ 44.8% ಇದ್ದದ್ದು 47.8% ಆಗಿದೆ. ಇಲ್ಲಿ ‘ಅಯ್ಯೋ, ಹೆಚ್ಚಾಯಿತು’ ಎಂದು ಬರೆದು ನಿಲ್ಲುವುದು ಪತ್ರಿಕೆಯ ಕೆಲಸ. ನಿಮ್ಮದು ಮುಂದಿನ ಪ್ರಶ್ನೆ: ಹೇಗೆ ಅಳೆದರು? ಈ ಸಮೀಕ್ಷೆಯಲ್ಲಿ ಬೆರಳ ತುದಿಗೆ ಚುಚ್ಚಿ ತೆಗೆದ ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ಹಾಕುತ್ತಾರೆ. ಹನಿ ಬರಲೆಂದು ಬೆರಳು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಹಿಮೋಗ್ಲೋಬಿನ್ ತಪ್ಪು ತೋರಿಸಬಹುದು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಅಳೆಯಿತು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಸುಮಾರು 41%. ಅದಕ್ಕೆ ತುಸು ಮುಂಚಿನ ಕುಟುಂಬ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 58.6%. ವಯಸ್ಸಿನ ಗುಂಪು ಸ್ವಲ್ಪ ಬೇರೆ ನಿಜ, ಆದರೆ ಇಷ್ಟು ಅಂತರ ಅದೊಂದರಿಂದಲೇ ಬರುವುದಿಲ್ಲ. ಇಂಥ ಜಾಗದಲ್ಲಿ ಬಯೋಕೆಮಿಸ್ಟ್ರಿ ಓದಿದವರ ಕಣ್ಣು ಎಲ್ಲರಿಗಿಂತ ಹರಿತ.

ಆಮೇಲೆ ಮಾದರಿ ಗಾತ್ರದ ಲೆಕ್ಕವನ್ನು ಒಮ್ಮೆಯಾದರೂ ಕೈಯಲ್ಲೇ ಮಾಡಿ. ನಿಮ್ಮ ತಾಲೂಕಿನ ಮಹಿಳೆಯರ ರಕ್ತಹೀನತೆಯ ಪ್ರಮಾಣ ಕಂಡುಹಿಡಿಯಬೇಕು, ಅಂದಾಜು 48%, ಐದು ಶೇಕಡಾ ಅಂಶ ಆಚೀಚೆ ಆದರೂ ಪರವಾಗಿಲ್ಲ ಎಂದುಕೊಳ್ಳೋಣ. 1.96ರ (95% ಖಚಿತತೆಗೆ ಬಳಸುವ ಅಂಕಿ) ವರ್ಗ, ಗುಣಿಸು 0.48, ಗುಣಿಸು 0.52, ಭಾಗಿಸು 0.05ರ ವರ್ಗ. ಉತ್ತರ 384. ಜನರನ್ನು ಒಬ್ಬೊಬ್ಬರಾಗಿ ಚೀಟಿ ಎತ್ತದೆ ಊರೂರು ಗುಂಪಾಗಿ ಆರಿಸಿದರೆ ಒಂದೇ ಊರಿನವರು ಒಬ್ಬರಿಗೊಬ್ಬರು ಹೋಲುತ್ತಾರೆ, ಆದ್ದರಿಂದ ಇದನ್ನು ಸಾಮಾನ್ಯವಾಗಿ ಇಮ್ಮಡಿ ಮಾಡುತ್ತಾರೆ: 768. ಹತ್ತರಲ್ಲಿ ಒಬ್ಬರು ಮನೆಯಲ್ಲಿ ಸಿಗುವುದಿಲ್ಲ ಅಥವಾ ಒಲ್ಲೆ ಎನ್ನುತ್ತಾರೆ ಎಂದು 0.9ರಿಂದ ಭಾಗಿಸಿ: 854. ಮೂರನೇ ವರ್ಷದ ಪ್ರಾಜೆಕ್ಟ್‌ಗೆ ‘ನೂರು ಜನರ ಸಮೀಕ್ಷೆ’ ಎಂದು ಕಣ್ಣು ಮುಚ್ಚಿ ಬರೆಯುವ ಅಭ್ಯಾಸ ಈ ಒಂದು ಲೆಕ್ಕದಿಂದ ತಪ್ಪುತ್ತದೆ. ನಿಜವಾಗಿಯೂ ನೂರೇ ಜನ ಸಾಧ್ಯವೆಂದಾದರೆ ಉತ್ತರ ಹತ್ತು ಶೇಕಡಾ ಅಂಶದಷ್ಟು ಆಚೀಚೆ ಓಲಾಡುತ್ತದೆ ಎಂದು ವರದಿಯಲ್ಲೇ ಬರೆಯಿರಿ.

ತಂತ್ರಾಂಶಕ್ಕೆ ದುಡ್ಡು ಬೇಡ. ಲೆಕ್ಕಕ್ಕೆ, ಗ್ರಾಫ್‌ಗೆ ಆರ್, ನಕ್ಷೆಗೆ ಕ್ಯೂಜಿಐಎಸ್, ಮೊಬೈಲ್‌ನಲ್ಲಿ ಪ್ರಶ್ನಾವಳಿ ತುಂಬಲು ಕೋಬೋ ಟೂಲ್‌ಬಾಕ್ಸ್ ಸಾಕು. ಬುನಾದಿ ಪಾಠಕ್ಕೆ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ರೂಪಿಸಿದ ‘ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್’ ಆನ್‌ಲೈನ್ ಕೋರ್ಸ್ ಹಿಡಿಯಿರಿ.

ಮೂರನೇ ಪರೀಕ್ಷೆ: ಪಿಎಚ್‌ಸಿಯಲ್ಲಿ ನಾಲ್ಕು ದಿನ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಲ್ಕು ದಿನ ಕೂರಲು ಅನುಮತಿ ಕೇಳಿ. ಪ್ರಾಂಶುಪಾಲರ ಸಹಿಯ ಪತ್ರವನ್ನು ತಾಲೂಕು ಆರೋಗ್ಯಾಧಿಕಾರಿಗೆ ಬರೆದು, ಒಂದು ಪ್ರತಿಯನ್ನು ಪಿಎಚ್‌ಸಿಯ ವೈದ್ಯಾಧಿಕಾರಿಗೆ ಕೊಡಿ. ಪತ್ರದಲ್ಲಿ ‘ಸಂಶೋಧನೆ’ ಎಂಬ ಪದ ಬೇಡ, ‘ಕಾರ್ಯವೈಖರಿ ವೀಕ್ಷಣೆ’ ಎಂದಿರಲಿ, ಏಕೆಂದರೆ ನೀವು ಮಾಡಬೇಕಾದದ್ದೂ ಅಷ್ಟೇ. ರೋಗಿಗಳ ಹೆಸರು ಬರೆದುಕೊಳ್ಳಬೇಡಿ, ರಿಜಿಸ್ಟರ್‌ನ ಫೋಟೊ ತೆಗೆಯಬೇಡಿ.

ಒಂದು ದಿನ ಲ್ಯಾಬ್ ಟೆಕ್ನಿಷಿಯನ್ ಪಕ್ಕ, ಒಂದು ದಿನ ಆಶಾ ಕಾರ್ಯಕರ್ತೆಯ ಜೊತೆ ಮನೆ ಭೇಟಿಗೆ, ಒಂದು ದಿನ ಲಸಿಕೆಯ ದಿನ, ಒಂದು ದಿನ ಅಂಕಿಅಂಶ ತುಂಬುವವರ ಬಳಿ. ರೋಗ ಸರ್ವೇಕ್ಷಣೆಯಲ್ಲಿ ಮೂರು ನಮೂನೆಗಳಿವೆ: ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತರು ತುಂಬುವುದು ಎಸ್, ಪರೀಕ್ಷಿಸಿದ ವೈದ್ಯರದು ಪಿ, ಪ್ರಯೋಗಾಲಯದ್ದು ಎಲ್. ಒಂದು ಜ್ವರ ಎಸ್‌ನಿಂದ ಎಲ್‌ಗೆ ಹೋಗುವಾಗ ಎಲ್ಲಿ ಕಳೆದುಹೋಗುತ್ತದೆ ಎಂದು ಕೇಳಿ ನೋಡಿ. ರೋಗಿ ಖಾಸಗಿ ಕ್ಲಿನಿಕ್‌ಗೆ ಹೋದ, ಮಾದರಿ ಸಾಗಿಸಲು ವಾಹನವಿರಲಿಲ್ಲ, ಪೋರ್ಟಲ್ ಅಂದು ತೆರೆಯಲಿಲ್ಲ ಎಂಬಂಥ ಉತ್ತರಗಳು ಬರುತ್ತವೆ. ನೀವು ಮುಂದೆ ಆರ್‌ನಲ್ಲಿ ಗ್ರಾಫ್ ಬಿಡಿಸುವ ಪ್ರತಿ ಅಂಕಿಯೂ ಇಂಥ ದಾರಿಯಲ್ಲೇ ಬಂದಿರುತ್ತದೆ. ಆಶಾ ಕಾರ್ಯಕರ್ತೆಯರನ್ನು ‘ಅಕ್ಕ’ ಎಂದೇ ಮಾತಾಡಿಸಿ, ಅವರ ಕೆಲಸದ ಹೊತ್ತಿಗೆ ಅಡ್ಡ ಬರದೆ ನಡೆಯುತ್ತಾ ಕೇಳಿ. ಊರಿನ ಆರೋಗ್ಯದ ಬಗ್ಗೆ ಅವರಿಗೆ ಗೊತ್ತಿರುವಷ್ಟು ಯಾವ ದತ್ತಾಂಶದಲ್ಲೂ ಇಲ್ಲ.

ಬಿಎಸ್ಸಿ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಮುಗ್ಗರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ಉತ್ಸಾಹದಲ್ಲಿ ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗಿ ಮಾಹಿತಿ ತಂದು, ಪ್ರಕಟಿಸುವ ಹೊತ್ತಿಗೆ, ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಅನುಮೋದನೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮಾಹಿತಿ ಸಂಗ್ರಹಿಸಿದ ಮೇಲೆ ಅನುಮೋದನೆ ಕೊಡುವಂತಿಲ್ಲ, ಇಡೀ ಕೆಲಸ ವ್ಯರ್ಥ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಪ್ರಶ್ನಾವಳಿಯ ಅಧ್ಯಯನಕ್ಕೂ ಅನ್ವಯಿಸುತ್ತದೆ. ನಿಮ್ಮ ಕಾಲೇಜಿನಲ್ಲಿ ಅಂಥ ಸಮಿತಿ ಇಲ್ಲದಿದ್ದರೆ ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಅಧ್ಯಾಪಕರನ್ನು ಸಹ ಮಾರ್ಗದರ್ಶಕರಾಗಿ ಕೇಳಿಕೊಳ್ಳಿ. ಇಲ್ಲವೇ ಈಗಾಗಲೇ ಪ್ರಕಟವಾದ ಅಂಕಿಗಳ ಮೇಲೆ ಮಾತ್ರ ಕೆಲಸ ಮಾಡಿ. ಗೂಗಲ್ ಫಾರ್ಮ್ ಅನ್ನು ಕ್ಲಾಸಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ ‘ಯುವಜನರಲ್ಲಿ ಆರೋಗ್ಯ ಅರಿವು’ ಎಂದು ಬರೆಯುವ ಕೆಲಸ ಬೇಡವೇ ಬೇಡ. ಅದು ನಿಮ್ಮ ಗೆಳೆಯರ ಬಗ್ಗೆ ಹೇಳೀತು, ಯುವಜನರ ಬಗ್ಗೆ ಅಲ್ಲ.

ಇಂಟರ್ನ್‌ಶಿಪ್ ಕೇಳುವ ಪತ್ರ

ಐಸಿಎಂಆರ್‌ನ ಎಸ್‌ಟಿಎಸ್ ವಿದ್ಯಾರ್ಥಿ ಸಂಶೋಧನಾ ಯೋಜನೆ ವೈದ್ಯಕೀಯ, ದಂತವೈದ್ಯಕೀಯ ವಿದ್ಯಾರ್ಥಿಗಳಿಗೆಂದೇ ರೂಪಿಸಿದ್ದು. ಬಿಎಸ್ಸಿಯವರು ಅದರ ಹಿಂದೆ ತಿಂಗಳು ಕಳೆಯಬೇಕಿಲ್ಲ. ನಿಮಗೆ ತೆರೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಅರ್ಜಿಯ ಗಡುವು ಬೇಸಿಗೆಗೆ ಬಹಳ ಮುಂಚೆಯೇ ಮುಗಿಯುತ್ತದೆ, ಆದ್ದರಿಂದ ಆಗಸ್ಟ್‌ನಿಂದಲೇ ಅವರ ತಾಣ ನೋಡುತ್ತಿರಿ. ಉಳಿದದ್ದೆಲ್ಲ ನೇರ ಇಮೇಲ್.

ಹತ್ತು ಹದಿನೈದು ಸಂಶೋಧಕರಿಗೆ ಬರೆಯಿರಿ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ. ಇನ್ನೂರು ಪದ ಮೀರಬೇಡಿ. ಮೊದಲ ಸಾಲಿನಲ್ಲಿ ಅವರ ಯಾವ ಲೇಖನ ಓದಿದಿರಿ, ಅದರ ವಿಧಾನದಲ್ಲಿ ಏನು ಅರ್ಥವಾಗಲಿಲ್ಲ ಅಥವಾ ಏನು ಹಿಡಿಸಿತು. ಎರಡನೆಯದರಲ್ಲಿ ನಿಮ್ಮ ಒಂದು ವಾಕ್ಯದ ಗುರಿ. ಮೂರನೆಯದರಲ್ಲಿ ನಿಮ್ಮ ಕೈಯಲ್ಲಿರುವ ಕೆಲಸ: ‘ಉಣುಗು, ಸೊಳ್ಳೆ ಜಾತಿ ಗುರುತಿಸಬಲ್ಲೆ’, ‘ಆರ್‌ನಲ್ಲಿ ಪಟ್ಟಿ, ಗ್ರಾಫ್ ಮಾಡಬಲ್ಲೆ’, ‘ಕನ್ನಡ, ತೆಲುಗು, ಉರ್ದುವಿನಲ್ಲಿ ಸಂದರ್ಶನ ಮಾಡಬಲ್ಲೆ’. ಭಾಷೆಯನ್ನು ಬರೆಯಲು ಮರೆಯಬೇಡಿ. ಕಲ್ಯಾಣ ಕರ್ನಾಟಕದ ಹಳ್ಳಿಯಲ್ಲಿ ಕೆಲಸ ಮಾಡುವ ತಂಡಕ್ಕೆ ಅಲ್ಲಿನ ಮಾತು ಬಲ್ಲವರು ಚಿನ್ನದಂತೆ. ಕೊನೆಗೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ. ಎರಡು ಪುಟದ ಎನ್‌ಎಫ್‌ಎಚ್‌ಎಸ್ ಹೋಲಿಕೆಯನ್ನು ಲಗತ್ತಿಸಿ. ಅಂಕಪಟ್ಟಿಗಿಂತ ಅದನ್ನೇ ಅವರು ತೆರೆದು ನೋಡುವುದು. ಹತ್ತು ದಿನ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ, ಮತ್ತೆ ಬೇಡ.

ಪದವಿಯ ಮಾತು ಈಗ

ಉಣುಗು, ಸೊಳ್ಳೆಗಳ ಕಡೆಗೆ ಮನಸ್ಸಿದ್ದರೆ ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಪಬ್ಲಿಕ್ ಹೆಲ್ತ್ ಎಂಟಮಾಲಜಿ ಎಂಎಸ್ಸಿ ಇದೆ. ಪ್ರಾಣಿಶಾಸ್ತ್ರದವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಲೆಕ್ಕದ ಕಡೆಗಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಬಯೋಸ್ಟಾಟಿಸ್ಟಿಕ್ಸ್ ಎಂಎಸ್ಸಿ, ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ (ಐಐಪಿಎಸ್) ಬಯೋಸ್ಟಾಟಿಸ್ಟಿಕ್ಸ್ ಮತ್ತು ಜನಸಂಖ್ಯಾಶಾಸ್ತ್ರ. ಇಂಥ ಕೋರ್ಸ್‌ಗಳಿಗೆ ಸಾಮಾನ್ಯವಾಗಿ ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕು. ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರು ಕೊನೆಯ ಸೆಮಿಸ್ಟರ್‌ನಲ್ಲಿ ಇದನ್ನು ಕಂಡು ಕಂಗಾಲಾಗುತ್ತಾರೆ, ಆದ್ದರಿಂದ ಅರ್ಹತೆಯ ಪುಟವನ್ನು ಎರಡನೇ ವರ್ಷದಲ್ಲೇ ಓದಿ, ಐಚ್ಛಿಕ ವಿಷಯವಾಗಿ ಸಂಖ್ಯಾಶಾಸ್ತ್ರ ಸಿಗುವುದಾದರೆ ತೆಗೆದುಕೊಳ್ಳಿ. ವೈರಸ್, ಬ್ಯಾಕ್ಟೀರಿಯಾಗಳ ಕಡೆಗಾದರೆ ಸೂಕ್ಷ್ಮಾಣುಜೀವಿಶಾಸ್ತ್ರ ಅಥವಾ ವೈರಾಣುಶಾಸ್ತ್ರದ ಎಂಎಸ್ಸಿಯೇ ಸರಿ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಅಲ್ಲ.

ಎಂಪಿಎಚ್ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಬಿಎಸ್ಸಿ ಮುಗಿದ ಮರುದಿನ ಸೇರಬೇಡಿ. ತರಗತಿಯಲ್ಲಿ ಜೊತೆಗೆ ಕೂರುವವರು ಬಹಳಷ್ಟು ಮಂದಿ ವೈದ್ಯರು, ದಂತವೈದ್ಯರು, ನರ್ಸ್‌ಗಳು. ಅವರಿಗೆ ಆಸ್ಪತ್ರೆ ಗೊತ್ತು, ನಿಮಗೆ ಏನು ಗೊತ್ತು ಎಂಬ ಪ್ರಶ್ನೆ ಕೆಲಸದ ಸಂದರ್ಶನದಲ್ಲಿ ಬಂದೇ ಬರುತ್ತದೆ. ಒಂದೆರಡು ವರ್ಷ ಸಂಶೋಧನಾ ಯೋಜನೆಯೊಂದರಲ್ಲಿ ಕ್ಷೇತ್ರ ಸಹಾಯಕರಾಗಿಯೋ ಲ್ಯಾಬ್ ಸಹಾಯಕರಾಗಿಯೋ ದುಡಿದು ಹೋದರೆ ಆ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ. ಐಸಿಎಂಆರ್ ಸಂಸ್ಥೆಗಳ ತಾಣಗಳಲ್ಲಿ ಇಂಥ ಹುದ್ದೆಗಳ ಪ್ರಕಟಣೆ ಬರುತ್ತಿರುತ್ತದೆ. ಇವು ಗುತ್ತಿಗೆಯವು, ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ ಎಂಬುದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಸೇರುವ ಸಮಯ ಬಂದಾಗ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ಮಣಿಪಾಲ ಇವುಗಳ ಪಠ್ಯಕ್ರಮ ಪಕ್ಕ ಪಕ್ಕ ಇಟ್ಟು ನೋಡಿ. ಮೂರು ಪ್ರಶ್ನೆ ಕೇಳಿ: ಕ್ಷೇತ್ರದಲ್ಲಿ ಎಷ್ಟು ವಾರ, ಪ್ರಬಂಧಕ್ಕೆ ಎಷ್ಟು ತಿಂಗಳು, ಹಿಂದಿನ ತಂಡದ ವಿಜ್ಞಾನ ಪದವೀಧರರು, ವೈದ್ಯರಲ್ಲದವರು, ಈಗ ಎಲ್ಲಿದ್ದಾರೆ. ಮೂರನೆಯ ಪ್ರಶ್ನೆಗೆ ಕಾಲೇಜು ತಡವರಿಸಿದರೆ ಹಳೆಯ ವಿದ್ಯಾರ್ಥಿಗಳನ್ನೇ ಹುಡುಕಿ ಕೇಳಿ, ಆಮೇಲೆ ಶುಲ್ಕ ಕಟ್ಟಿ.

ಅರ್ಜಿ ತುಂಬುವ ಮುನ್ನ ಮೊದಲ ವಾರ ಬರೆದ ವಾಕ್ಯವನ್ನು ತೆಗೆಯಿರಿ. ಅದರ ಕೆಳಗೆ ಇಂದಿನ ದಿನಾಂಕದಲ್ಲಿ ಹೊಸದನ್ನು ಬರೆಯಿರಿ. ಎರಡರ ನಡುವೆ ಏನು ಬದಲಾಯಿತು, ಯಾವ ಲೇಖನದಿಂದ, ಯಾವ ಅಂಕಿಯಿಂದ, ಪಿಎಚ್‌ಸಿಯ ಯಾವ ದಿನದಿಂದ ಬದಲಾಯಿತು ಎಂದು ಒಂದು ಪುಟ ಬರೆದರೆ, ಎಲ್ಲ ಸಂಸ್ಥೆಗಳೂ ಕೇಳುವ ಉದ್ದೇಶ ಪತ್ರದ ಮುಕ್ಕಾಲು ಭಾಗ ಅದೇ.